ಮಸುಕು ವಿಡಿಯೊ, ಸ್ಪಷ್ಟ ವಿಡಿಯೊ

ಕೊಳ್ಳೇಗಾಲದಲ್ಲಿ ದಿನಸಿ ಸಗಟು ವ್ಯಾಪಾರ ಮಾಡುವವನನ್ನು ಯಾರೂ ಪೂರ್ತಿ ನಂಬುವುದಿಲ್ಲ, ಅವನೂ ಯಾರನ್ನೂ ನಂಬುವುದಿಲ್ಲ. ಹಾಗಾಗಿ ನನ್ನ ಅಂಗಡಿಯಲ್ಲಿ ಇಂಥ ಪ್ರಸಂಗಗಳಿಗೆ ಬರವಿಲ್ಲ.

ಈಚೆಗೆ ಮೈಸೂರು ಕಡೆಯ ಸಗಟಿನವನೊಬ್ಬ ಹನೂರಿಗೆ ವ್ಯಾನ್ ಕಳಿಸತೊಡಗಿದ. ನನ್ನ ಗಿರಾಕಿಗಳು ಅತ್ತ ವಾಲುವ ಮೊದಲೇ, ಕೂತಲ್ಲಿಂದಲೇ ಆರ್ಡರ್ ಹಾಕುವ ಆ್ಯಪ್ ಮಾಡಿಸಿದೆ. ಅದನ್ನು ಬಳಸಲು ಯಾರಿಗೂ ಬರಲಿಲ್ಲ. ಮೊಬೈಲ್ ಪರದೆಯನ್ನೇ ರೆಕಾರ್ಡ್ ಮಾಡಿ ಪಾಠದ ವಿಡಿಯೊ ಕಳಿಸೋಣ ಎಂದಳು ಬಿಲ್ಲಿಂಗ್ ನೋಡಿಕೊಳ್ಳುವ ನನ್ನ ಸೊಸೆ.

ಒಪ್ಪಿಗೆ

ರೆಕಾರ್ಡ್ ಬಟನ್ ಒತ್ತಿದೊಡನೆ, ಪರದೆಯಲ್ಲಿ ಕಾಣುವುದೆಲ್ಲ ದಾಖಲಾಗುತ್ತದೆ, ಒಪ್ಪಿಗೆಯೇ ಎಂದು ಕೇಳಿತು. ಫೋನ್ ಕೆಳಗಿಟ್ಟೆ. ಕೇಳುತ್ತಿರುವವರು ಯಾರು ಎಂದೆ.

"ನಿಮ್ಮ ಫೋನೇ ಮಾವ."

"ನನ್ನ ವ್ಯವಹಾರ ಕಟ್ಟಿಕೊಂಡು ಅದಕ್ಕೇನು ಆಗಬೇಕಂತೆ?"

ಕತ್ತರಿ

ರೆಕಾರ್ಡ್ ಆದಮೇಲೆ ಸೊಸೆ ಕತ್ತರಿಸಲು ಕೂತಳು. ನೋಡುನೋಡುತ್ತಲೇ ವಿಡಿಯೊ ಅರ್ಧವಾಯಿತು. ಬೇಳೆ ಒಡೆಸಿದರೂ ನುಚ್ಚು, ಹೊಟ್ಟು ತೂಗಿಸಿ ತರುವವನು ನಾನು. ಕತ್ತರಿಸಿದ್ದು ಎಲ್ಲಿ ಹೋಯಿತು, ತೋರಿಸು ಎಂದೆ. ಅವಳು ಅದನ್ನೆಲ್ಲ ಜೋಡಿಸಿ ಹಾಕಿದಳು. ನನ್ನ ಕೆಮ್ಮು, ಲಾರಿ ಹಾರ್ನ್, ನಡುನಡುವೆ ನನ್ನದೇ "ಆಮೇಲೆ... ಆಮೇಲೆ..." ಕೊನೆತನಕ ಕೇಳಿದೆ.

"ಇದರಲ್ಲಿ ಯಾವ ಕೆಮ್ಮು ವಾಪಸ್ ಹಾಕಲಿ ಮಾವ?"

ಮಸುಕು

ವಾಟ್ಸಾಪ್‌ನಲ್ಲಿ ಹನೂರು, ಯಳಂದೂರಿನ ಅಂಗಡಿಗಳಿಗೆಲ್ಲ ಕಳಿಸಿದೆವು. ಹನೂರಿನ ಹಳೆಯ ಗಿರಾಕಿ ಫೋನ್ ಮಾಡಿದ. ಬಂಡಳ್ಳಿ ರಸ್ತೆಯ ಧೂಳಿನಲ್ಲಿ ಬಸ್ಸಿನ ಬೋರ್ಡ್ ಓದಿದ ಹಾಗಿದೆಯಂತೆ, ಒಂದಕ್ಷರವೂ ಕಾಣುವುದಿಲ್ಲವಂತೆ. "ರೇಟ್ ಕಾಣ್ಬಾರ್ದು ಅಂತ ಬೇಕಂತ್ಲೇ ಮಾಡಿದ್ದೀರಾ ಸಾ? ನಾಳೆ ವ್ಯಾನ್ ಬತ್ತದೆ, ಅವನತ್ರಾನೆ ತಕತೀನಿ."

ನನಗೆ ರೇಗಿತು. ವಾಟ್ಸಾಪ್ ವಿಡಿಯೊವನ್ನು ಹಿಂಡಿ ಕಳಿಸುತ್ತದೆ, ಡಾಕ್ಯುಮೆಂಟ್ ಮಾಡಿ ಕಳಿಸಿದರೆ ಮೂಲದಷ್ಟೇ ಸ್ಪಷ್ಟವಾಗಿ ಹೋಗುತ್ತದೆ ಎಂದಳು ಸೊಸೆ. ಹಾಗಾದರೆ ಎಲ್ಲರಿಗೂ ಹಾಗೇ ಕಳಿಸು, ನನ್ನಲ್ಲಿ ಮುಚ್ಚುಮರೆ ಏನಿದೆ ಎಂದು ಗುಡುಗಿದೆ.

ಸ್ವಲ್ಪ ಹೊತ್ತಿಗೆ ಅವನದೇ ಫೋನ್. ದನಿ ಬೆಣ್ಣೆಯಂತಿತ್ತು.

"ಈಗ ಎಲ್ಲಾ ಕನ್ನಡಿ ಕಂಡಂಗೆ ಕಾಣ್ತದೆ ಸಾ. ಯಳಂದೂರಿನವರು ಬರ್ದಿರೋದೂವೆ."

ವಿಡಿಯೊ ತೆಗೆದು ನೋಡಿದೆ. ನಾನು ಪಾಠ ಹೇಳುತ್ತಿದ್ದಾಗ ಪರದೆಯ ನೆತ್ತಿಯ ಮೇಲೆ ಯಳಂದೂರಿನ ಅಂಗಡಿಯವನ ಮೆಸೇಜ್ ಇಳಿದಿತ್ತು: 'ಅಣ್ಣ, ಎಣ್ಣೆಗೆ ನನಗೆ ಕಮ್ಮಿ ಮಾಡಿರೋ ರೇಟು ಹನೂರಿನವರ ಕಿವಿಗೆ ಬೀಳದ ಹಾಗೆ ನೋಡ್ಕಳಿ.' ಕೆಮ್ಮು ಹುಡುಕುತ್ತಿದ್ದ ನಾವಿಬ್ಬರೂ ಅದನ್ನು ಗಮನಿಸಿರಲಿಲ್ಲ.

ಹನೂರಿನವನು ಇನ್ನೂ ಲೈನಿನಲ್ಲೇ ಇದ್ದ.

"ಪಾಠ ಚೆನ್ನಾಗದೆ ಸಾ. ಆ ರೇಟು ಬರಕ್ಕೆ ಯಾವ ಬಟನ್ ಒತ್ಬೇಕು, ಅದೊಂದ ಹೇಳ್ಬುಡಿ. ಆರ್ಡರ್ ಈಗ್ಲೇ ಆಕ್ತೀನಿ."