ಕಪಾಟಿನ ಎರಡು ಡಬ್ಬಿ

ಸೋಮವಾರ ಮುಂಜಾನೆ ವಿಜಯೀಂದ್ರ ಪ್ರಯೋಗಾಲಯದ ಕಪಾಟು ತೆರೆದ. ಎರಡು ಡಬ್ಬಿಗಳೂ ಮಾಯ!

ಸುಟ್ಟ ಗಾಯಕ್ಕೆ ಹಚ್ಚುವ ಜೆಲ್ ತಯಾರಿಸಲು ಕಲಬುರಗಿಯ ಒಂದು ಫಾರ್ಮಸಿ ಕಾಲೇಜಿನಲ್ಲಿ ಅವನು ನಾಲ್ಕು ವರ್ಷ ಬೆವರು ಸುರಿಸಿದ್ದ. ಒಂದು ಡಬ್ಬಿಯಲ್ಲಿ ಔಷಧ ಬೆರೆಸಿದ ಜೆಲ್, ಇನ್ನೊಂದರಲ್ಲಿ ಹೋಲಿಕೆಗೆಂದು ಬರೀ ಜೆಲ್. ಜೆಲ್‌ನಿಂದ ಔಷಧ ಎಷ್ಟು ಹೊರಬರುತ್ತದೆಂದು ಅಳೆಯಲು ಮರುದಿನ ಪರೀಕ್ಷಕರು ಬರುವವರಿದ್ದರು. ಅಳತೆ ಸರಿಬಂದರೆ ಡಾಕ್ಟರೇಟ್. ಇಲ್ಲದಿದ್ದರೆ ಎಲ್ಲವೂ ಮತ್ತೆ ಮೊದಲಿನಿಂದ.

ಮೊದಲೇ ವಿಜಯೀಂದ್ರ ಸಂಶಯದ ಪ್ರಾಣಿ. ಹಾಲಿನವನು ನಕ್ಕರೂ ಇವತ್ತು ನೀರು ಜಾಸ್ತಿ ಎಂದುಕೊಳ್ಳುವ ಆಸಾಮಿ. ಅಟೆಂಡರ್ ಸಿಕಂದರ್‌ನನ್ನು ಹಿಡಿದು ಜಾಡಿಸಿದ.

"ನನಗೇನ್ ಗೊತ್ರಿ ಸರ? ಗೌತಮ ಸರ್ ನಸುಕಿನ್ಯಾಗ ಬಂದಿದ್ರು. ಚೀಲ ಹಿಡ್ಕೊಂಡು ಕಮಲಾಪುರಕ್ಕ, ಅವರ ಸ್ವಾದರತ್ತಿ ಮನಿಗಿ ಹೋಗ್ಯಾರ್ರಿ."

ಗೌತಮ! ಪಕ್ಕದ ಮೇಜಿನ ಸಂಶೋಧಕ. ಅವನದೂ ಜೆಲ್ಲೇ. ಇನ್ನೇನು ಸಾಕ್ಷಿ ಬೇಕು? ವಿಜಯೀಂದ್ರ ಓಡಿಹೋಗಿ ಬಸ್ ಹತ್ತಿದ.

"ಎಲ್ಲಿಗ್ರಿ?" ಎಂದ ಕಂಡಕ್ಟರ್.

"ನಿಮಗ್ಯಾಕ ಬೇಕದು?"

"ಟಿಕೇಟ್ ಕೊಡಾಕ ಬೇಕಲ್ರಿ!"

ಕಮಲಾಪುರದಲ್ಲಿ ಗೌತಮ ತನ್ನ ಸೋದರತ್ತೆ ಗುಂಡಮ್ಮನ ಪಡಸಾಲೆಯಲ್ಲಿ ಆರಾಮಾಗಿ ಕುಳಿತಿದ್ದ. ವಿಜಯೀಂದ್ರ ಮಾತಿಲ್ಲದೆ ಚೀಲ ಕಸಿದು ಬೋರಲು ಹಾಕಿದ. ಮೊಣಕಾಲಿಗೆ ಹಚ್ಚುವ ಎಣ್ಣೆಯ ಶೀಸೆಯೂ ಹೆಂಗಸರ ಜೋಡು ಚಪ್ಪಲಿಯೂ ಬಿದ್ದವು.

"ನನ್ನ ಡಬ್ಬಿ ಎಲ್ಲಿ ಅವ?"

"ಯಾವ ಡಬ್ಬಿರಿ?" ಗೌತಮ ಕಣ್ಣರಳಿಸಿದ.

"ಹಸದಾನ, ಅದಕ್ಕs ಸಿಟ್ಟು ಬಂದದ. ಕೂಡಪ್ಪ, ಉಣ್ಣು," ಎಂದು ಗುಂಡಮ್ಮ ಬಿಸಿ ರೊಟ್ಟಿ ಬಡಿಸಿದಳು. ರೊಟ್ಟಿಯನ್ನೂ ತಿರುಗಿಸಿ ನೋಡಿಯೇ ತಿಂದ.

ಉಂಡು ಕೈತೊಳೆಯುವಷ್ಟರಲ್ಲಿ ಸಂಶೋಧನೆಯ ಗೈಡ್ ಮಂಜುಷಾ ಮೇಡಂ ಅವರ ಫೋನ್ ಬಂತು.

"ಎಲ್ಲಿದ್ದೀಯೋ ವಿಜಯೀಂದ್ರ? ಪರೀಕ್ಷಕರು ಇವತ್ತs ಬಂದಾರ. ಡಬ್ಬಿ ನಾನೇ ಒಯ್ದಿದ್ದೆ. ಆದ್ರ ಇದೇನೋ? ಔಷಧ ಅಂತ ಚೀಟಿ ಇರೋ ಡಬ್ಬ್ಯಾಗ ಒಂದ್ ಹನಿ ಔಷಧ ಇಲ್ಲ. ಬರೀ ಜೆಲ್ ಅಂತ ಬರ್ದಿದ್ದರಾಗ ಭರ್ತಿ ಅದ!"

ಶುಕ್ರವಾರ ಸಂಜೆ ಚೀಟಿಗಳನ್ನು ಕಿತ್ತು ಅದಲುಬದಲು ಅಂಟಿಸಿದವನು ವಿಜಯೀಂದ್ರನೇ. ಗೌತಮ ಔಷಧದ ಡಬ್ಬಿ ಕದ್ದರೆ ಅವನಿಗೆ ಬರೀ ಜೆಲ್ ಸಿಗಲಿ ಎಂಬ ಉಪಾಯ. ಪರೀಕ್ಷೆಗೆ ಮುಂಚೆ ಸರಿಮಾಡಿದರಾಯಿತು ಎಂದುಕೊಂಡಿದ್ದ.

"ಯಾರೋ... ಯಾರೋ ಕಿತಾಪತಿ ಮಾಡ್ಯಾರ್ರಿ ಮೇಡಂ," ಎಂದುಬಿಟ್ಟ.

"ನನಗೂ ಹಂಗs ಅನಸ್ತದ. ಹೆದರಬ್ಯಾಡ. ನೀನೇ ಗಂಟುಬಿದ್ದು ಹಾಕಿಸಿದ ಕ್ಯಾಮೆರಾ ಅದಲ್ಲ? ಪರೀಕ್ಷಕರು, ಪ್ರಿನ್ಸಿಪಾಲರು, ಎಲ್ಲಾರೂ ಕೂತು ನೋಡಾಕತ್ತೀವಿ. ಹಾಂ, ಶುಕ್ರವಾರದ್ದು ಬಂತು. ಯಾರೋ ಕಪಾಟ ತಗ್ಯಾಕತ್ತಾನ..."

ವಿಜಯೀಂದ್ರ ಫೋನನ್ನು ಕಿವಿಯಿಂದ ಇಳಿಸಿದ.

ಗೌತಮ ಕೆಂಪು ಬಾಳೆಹಣ್ಣು ಸುಲಿದು ಅವನ ಕೈಗಿಟ್ಟ.

"ಕಳ್ಳ ಸಿಕ್ಕನೇನ್ರಿ?"

"ಸಿಕ್ಕ," ಎಂದ ವಿಜಯೀಂದ್ರ.