ತೇಲುವ ಸಾಮಾನು ಮಾತ್ರ

ಹೊಳೆಯಲ್ಲಿ ಸರಕು ಸಾಗಿಸುವವರು ನಗುವನ್ನು ಬೇರೆ ಕಡೆ ಹುಡುಕಬೇಕಾಗಿಲ್ಲ. ಉಬ್ಬರ ಇಳಿತದ ಹಾಗೆ ದಿನಕ್ಕೆ ಎರಡು ಸಲ ಅದು ತಾನಾಗಿಯೇ ಬರುತ್ತದೆ.

ನನ್ನ ಶಾಲೆ ಏಳನೆಯ ಕ್ಲಾಸಿಗೆ ಮುಗಿದಿತ್ತು. ಆಮೇಲಿನದ್ದನ್ನೆಲ್ಲ ಓದಿದ್ದು ಒಣಮೀನು ಕಟ್ಟುವ ಹಳೆ ಪೇಪರುಗಳಲ್ಲಿ. ಉಳ್ಳಾಲದಲ್ಲಿ ಒಣಮೀನು ಮಾರುತ್ತಿದ್ದಾಗ, ಗಿರಾಕಿಗೆ ಕಟ್ಟಿಕೊಡುವ ಮೊದಲು ಪೇಪರನ್ನು ಒಮ್ಮೆ ಓದಿಬಿಡುತ್ತಿದ್ದೆ. ಹಾಗಾಗಿ ಲೋಕದ ಸುದ್ದಿಯೆಲ್ಲ ನನಗೆ ಗೊತ್ತಿತ್ತು, ಸ್ವಲ್ಪ ತಡವಾಗಿ. ಅಂಥ ಒಂದು ತುಂಡಿನಲ್ಲಿ, ಹೊಳೆಗಳಲ್ಲಿ ಸರಕು ಸಾಗಿಸಿದರೆ ಖರ್ಚು ಕಡಿಮೆ, ರಸ್ತೆಗೂ ಹಗುರ ಎಂದು ಬರೆದಿತ್ತು. ತಲೆ ಎತ್ತಿ ನೋಡಿದೆ. ಎದುರಿಗೆ ನೇತ್ರಾವತಿ ಖಾಲಿ ಬಿದ್ದಿತ್ತು. ದೂರದ ಸೇತುವೆಯ ಮೇಲೆ ಲಾರಿಗಳು ಒಂದರ ಬಾಲಕ್ಕೆ ಒಂದು ಮೂಗು ತಾಗಿಸಿ ನಿಂತಿದ್ದವು. ಆ ಗಿರಾಕಿಯ ಮೀನನ್ನು ಬೇರೆ ಪೇಪರಿನಲ್ಲಿ ಕಟ್ಟಿಕೊಟ್ಟೆ.

ದೋಣಿ ಮಾಡಿಸುತ್ತೇನೆ ಎಂದಾಗ ನಕ್ಕವರೇ ಹೆಚ್ಚು. ನನಗೆ ಅದು ಒಳ್ಳೆಯದೇ ಆಯಿತು. ಯಾರಾದರೂ "ಬೇಡ" ಎಂದರೆ ಮಾತ್ರ ನನಗೆ ಕೈಕಾಲು ಚುರುಕಾಗುವುದು.

ಬ್ಯಾಂಕಿಗೆ ಬಂದ ದೋಣಿ

ದೋಣಿಗೆ ಸಾಲ ಕೊಟ್ಟ ಬ್ಯಾಂಕು ತೊಕ್ಕೊಟ್ಟಿನಲ್ಲಿತ್ತು. ಮ್ಯಾನೇಜರು ಹೊಸಬರು, ಘಟ್ಟದ ಮೇಲಿನವರು, ಬಹಳ ಶಿಸ್ತಿನ ಮನುಷ್ಯ.

"ಅಮ್ಮ, ಸಾಲದಲ್ಲಿ ತೆಗೆದ ವಾಹನವನ್ನು ಬ್ರಾಂಚಿಗೆ ತಂದು ತೋರಿಸಬೇಕು. ರೂಲ್ಸ್."

"ಸರ್, ಅದು ದೋಣಿ."

"ದೋಣಿ ವಾಹನ ಅಲ್ವಾ?"

"ವಾಹನವೇ."

"ಹಾಗಾದರೆ ತನ್ನಿ."

ನಾನು ವಾದ ಮಾಡಬಹುದಿತ್ತು. ಆದರೆ ತನ್ನಿ ಎಂದ ಮೇಲೆ ತರುವುದೇ ಸರಿ ಎಂದು ನನ್ನ ಹಠ. ನನ್ನ ಗಂಡ ದುಬೈಯಲ್ಲಿದ್ದರು. ಅವರ ಅಣ್ಣ, ನನ್ನ ಭಾವ, ತೊಕ್ಕೊಟ್ಟಿನಲ್ಲಿ ಟೆಂಪೋ ಓಡಿಸುತ್ತಿದ್ದರು. ಅವರನ್ನೇ ಕೇಳಿದೆ. ಭಾವ ಖುಷಿಯಲ್ಲಿ ಒಪ್ಪಿದರು. ನನ್ನ ದೋಣಿಯನ್ನು ಟೆಂಪೋದ ಮೇಲೆ ಹೇರಿ, ಹಿಂದೆ ಚಾಚಿದ ಮೂತಿಗೆ ಕೆಂಪು ಬಟ್ಟೆ ಕಟ್ಟಿ ಹೊರಟೆವು. ಜಂಕ್ಷನ್ ತಲುಪಿದಾಗ ಜಾಮ್. ನಾನು ದೋಣಿಯೊಳಗೆ ಕೂತಿದ್ದೆ. ಪಕ್ಕದ ಬಸ್ಸಿನ ಕಂಡಕ್ಟರ್ ತಲೆ ಹೊರಗೆ ಹಾಕಿ ಕೇಳಿದ:

"ಅಕ್ಕಾ, ಹೊಳೆಯನ್ನು ಎಲ್ಲಿ ಬಿಟ್ಟು ಬಂದ್ರಿ?"

ಮ್ಯಾನೇಜರು ಫೈಲ್ ಹಿಡಿದು ಹೊರಗೆ ಬಂದರು. ದೋಣಿಯನ್ನು ಎರಡು ಸುತ್ತು ಹಾಕಿ, ಮರವನ್ನು ಬಡಿದು ನೋಡಿ, ಎದುರು ನಿಂತು ಫೋಟೋ ತೆಗೆಸಿಕೊಂಡರು. ಕೊನೆಗೆ, "ಬ್ರೇಕ್ ಎಲ್ಲಿ?" ಎಂದರು.

"ಇಲ್ಲ ಸರ್."

ಅವರು ಪೆನ್ ತೆಗೆದು, "ನಿಧಾನ ಹೋಗಿ" ಎಂದು ಸೈನ್ ಹಾಕಿದರು.

ಮ್ಯಾನೇಜರ ಕಾಟ ಅಲ್ಲಿಗೆ ಮುಗಿಯಿತು. ಭಾವನದ್ದು ಅಲ್ಲಿಂದ ಶುರುವಾಯಿತು. ಗೃಹಪ್ರವೇಶ ಇರಲಿ, ಸೀಮಂತ ಇರಲಿ, ಸತ್ತವರ ಬೊಜ್ಜದ ಊಟ ಇರಲಿ, ನನ್ನನ್ನು ಕಂಡ ಕೂಡಲೇ ನಾಲ್ಕು ಜನರ ಎದುರು ಅದೇ ಮಾತು: "ಇವಳ ದೋಣಿ ಊರು ನೋಡಿದ್ದು ನನ್ನ ಟೆಂಪೋ ಹತ್ತಿ. ಹೊಳೆಯವರಿಗೂ ಕೊನೆಗೆ ಟೆಂಪೋವೇ ಬೇಕು ಮಾರಾಯ್ರೆ."

ಸೀಮಂತದ ಹುಡುಗಿ ಕೂಡ ನಕ್ಕಳು. ನಾನು ಇನ್ನೊಂದು ಹೋಳಿಗೆ ಹಾಕಿಸಿಕೊಂಡೆ.

ಮುಹೂರ್ತ

ದೋಣಿಯನ್ನು ನೀರಿಗೆ ಇಳಿಸಲು ಅತ್ತೆ ಭಟ್ಟರಲ್ಲಿ ಮುಹೂರ್ತ ಕೇಳಿಸಿದರು. ಬೆಳಿಗ್ಗೆಯ ಒಳ್ಳೆಯ ಗಳಿಗೆ ಸಿಕ್ಕಿತು. ಭಟ್ಟರು ರಾಹುಕಾಲ ನೋಡಿದ್ದರು, ನಕ್ಷತ್ರ ನೋಡಿದ್ದರು. ಇಳಿತ ನೋಡಬೇಕಾದವಳು ನಾನು. ಬಂದವರಿಗೆ ಶೀರಾ ಎಷ್ಟು ಬೇಕು ಎಂಬ ಲೆಕ್ಕದಲ್ಲಿ ಅದನ್ನು ಮರೆತಿದ್ದೆ. ಮಂತ್ರ ಮುಗಿಯುವಾಗ ನೀರು ಹಿಂದೆ ಸರಿದು, ದೋಣಿ ಕೆಸರಿನಲ್ಲಿ ಎಮ್ಮೆಯ ಹಾಗೆ ಮಲಗಿತ್ತು.

"ಗಳಿಗೆ ಮೀರ್ತದೆ, ದೂಡಿ" ಎಂದರು ಅತ್ತೆ.

ಬಂದವರೆಲ್ಲ ಪಂಚೆ ಎತ್ತಿ ಕಟ್ಟಿ ದೂಡಿದರು. ದೋಣಿ ಅಲುಗಲಿಲ್ಲ, ದೂಡಿದವರು ಮೊಣಕಾಲಿನವರೆಗೆ ಇಳಿದರು. ಅತ್ತೆ ಸೋಲುವವರಲ್ಲ. ಹಿತ್ತಾಳೆಯ ಚೊಂಬಿನಲ್ಲಿ ಹೊಳೆ ನೀರು ತರಿಸಿ ದೋಣಿಯ ಅಡಿಗೆ ಸುರಿದರು.

"ನೀರಿಗೆ ಇಳಿದದ್ದಾಯಿತು. ಈಗ ಶೀರಾ ಬಡಿಸಿ."

ಕಾಕನ ವ್ಯಾಪಾರ

ದೋಣಿ ಬಂತು, ಸರಕು ಬೇಕಲ್ಲ. ಹೊಳೆಯ ಆಚೆ ದಡದ ಬಂದರಿನಲ್ಲಿ ಒಬ್ಬರು ಸಗಟು ವ್ಯಾಪಾರಿ ಇದ್ದರು. ಅಕ್ಕಿ, ಸಕ್ಕರೆ, ತೆಂಗಿನಕಾಯಿ, ಪ್ಲಾಸ್ಟಿಕ್ ಸಾಮಾನು, ಎಲ್ಲ ಅವರ ಗೋಡೌನಿನಿಂದಲೇ ಉಳ್ಳಾಲದ ಅಂಗಡಿಗಳಿಗೆ ಹೋಗುತ್ತಿತ್ತು. ಎಲ್ಲರೂ ಅವರನ್ನು ಕಾಕ ಎನ್ನುತ್ತಿದ್ದರು. ಲಾರಿಯಲ್ಲಾದರೆ ಪಂಪ್‌ವೆಲ್ ಸರ್ಕಲ್ ಸುತ್ತಿ, ಸೇತುವೆಯಲ್ಲಿ ನಿಂತು, ತೊಕ್ಕೊಟ್ಟಿನಲ್ಲಿ ಇನ್ನೊಮ್ಮೆ ನಿಂತು ಹೋಗಬೇಕು. ನೀರಿನಲ್ಲಾದರೆ, ದೋಣಿ ಕಟ್ಟುವ ಬಂದರಿನ ಧಕ್ಕೆಯಿಂದ ಉಳ್ಳಾಲ ಎದುರುಮನೆ.

ನನಗೆ ಬೇಕಿದ್ದದ್ದು ಅಕ್ಕಿ. ಅಕ್ಕಿ ವಾರವಾರವೂ ಹೋಗುವ ಮಾಲು. ಅದು ಸಿಕ್ಕಿದರೆ ನನ್ನ ದೋಣಿ ಉಳಿಯುತ್ತದೆ, ಇಲ್ಲದಿದ್ದರೆ ನಾನು ಪುನಃ ಒಣಮೀನಿಗೆ.

ಕಾಕ ಗಡ್ಡ ಸವರಿಕೊಂಡರು. "ನಿನ್ನ ದೋಣಿಯಲ್ಲಿ ಅಕ್ಕಿ ಹಾಕಿದರೆ ಉಳ್ಳಾಲಕ್ಕೆ ಗಂಜಿ ಮುಟ್ಟೀತು ಮಗಳೇ."

"ಒಂದು ಸಲ ಹಾಕಿ ನೋಡಿ ಕಾಕ."

"ನೋಡುವ. ಮೊದಲು ತೆಂಗಿನಕಾಯಿ ತಗೊಂಡು ಹೋಗು."

ಮುಟ್ಟಿಸಿದೆ. ಮರುವಾರ ಪ್ಲಾಸ್ಟಿಕ್ ಬಕೆಟು ಕೊಟ್ಟರು. ಆಮೇಲೆ ಕೊಡಪಾನ, ಆಮೇಲೆ ಚೆಂಡುಗಳ ಚೀಲ, ಆಮೇಲೆ ಪುನಃ ತೆಂಗಿನಕಾಯಿ. ಬಹಳ ದಿನ ಕಳೆದ ಮೇಲೆ ನನಗೆ ಹೊಳೆಯಿತು.

"ಕಾಕ, ನೀವು ಕೊಡುವುದೆಲ್ಲ ತೇಲುವ ಸಾಮಾನು."

"ಹೌದಲ್ಲ? ದೋಣಿ ಮುಳುಗಿದರೆ ನಿನ್ನದು ಹೋಗ್ತದೆ, ನನ್ನದು ದಡಕ್ಕೆ ಬರ್ತದೆ" ಎಂದರು ಕಾಕ, ಸ್ವಲ್ಪವೂ ನಾಚಿಕೆ ಇಲ್ಲದೆ. "ಮುಳುಗುವ ಸಾಮಾನನ್ನು ಬೇರೆ ಯಾರಾದರೂ ನಂಬಿ ನಿನಗೆ ಕೊಡಲಿ. ಆಮೇಲೆ ನಾನು ಅಕ್ಕಿ ಕೊಡ್ತೇನೆ."

ಹೊಳೆಬದಿಯವರು ನನ್ನ ದೋಣಿಗೆ ಬಕೆಟ್ ದೋಣಿ ಎಂದು ಹೆಸರಿಟ್ಟರು. ಆ ಹೆಸರು ಹೊತ್ತುಕೊಂಡೇ ನಾನು ಎರಡನೆಯ ದೋಣಿ ಮಾಡಿಸಿದೆ. ಎರಡನ್ನೂ ಜೋಡಿಸಿ ಮೇಲೆ ಹಲಗೆ ಹಾಸಿದರೆ ಅದು ಜಂಗಲ್. ಅಂಗಳದಷ್ಟು ಅಗಲ. ಅದರ ಮೇಲೆ ಇನ್ನೂ ಹೆಚ್ಚು ಬಕೆಟ್ ಹಿಡಿಯಿತು.

ಸಭೆ

ಒಮ್ಮೆ ನಗರದಲ್ಲಿ ಒಳನಾಡು ಜಲಸಾರಿಗೆಯ ಬಗ್ಗೆ ಒಂದು ಸಭೆ. ಹೊಳೆಬದಿಯ ಸಭಾಭವನ. ನನ್ನನ್ನೂ ಕರೆದಿದ್ದರು. ನಾನು ದೋಣಿಯಲ್ಲೇ ಹೋಗಿ, ಭವನದ ಹಿಂದಿನ ಮೆಟ್ಟಿಲಿಗೆ ಹಗ್ಗ ಕಟ್ಟಿ, ಮೊದಲ ಸಾಲಿನಲ್ಲಿ ಕೂತೆ. ಬೇರೆ ಯಾರೂ ಇರಲಿಲ್ಲ. ಚಾ ಬಂತು, ತಣಿಯಿತು. ಬಹಳ ಹೊತ್ತಿನ ಮೇಲೆ ಮುಖ್ಯ ಭಾಷಣಕಾರರು ಬೆವರು ಒರೆಸುತ್ತಾ ಬಂದು ಮೈಕ್ ಹಿಡಿದರು.

"ಎಲ್ಲರೂ ಕ್ಷಮಿಸಬೇಕು. ರಸ್ತೆಯಲ್ಲಿ ವಿಪರೀತ ಜಾಮ್."

ನಾನು ಎದ್ದು ನಿಂತು ಚಪ್ಪಾಳೆ ತಟ್ಟಿದೆ. "ಸರ್, ಇದಕ್ಕಿಂತ ಒಳ್ಳೆ ಭಾಷಣ ಇನ್ನು ಬೇಕಾ? ಊಟಕ್ಕೆ ಹೋಗುವ."

ಅವರು ಜೋರಾಗಿ ನಕ್ಕರು, ಭಾಷಣವನ್ನು ಅರ್ಧಕ್ಕೆ ಇಳಿಸಿದರು. ಹಿಂತಿರುಗಿ ಹೋಗುವಾಗ ನನ್ನ ದೋಣಿಯಲ್ಲೇ ಬಂದರು. ಅವರ ಕಾರು ಸಂಜೆ ಮನೆ ಮುಟ್ಟಿತಂತೆ.

ಭಾವನ ರಸ್ತೆ

ಹೊಳೆಯ ನಡುವಿನ ದ್ವೀಪಕ್ಕೆ ನಮ್ಮಲ್ಲಿ ಕುದ್ರು ಎನ್ನುತ್ತಾರೆ. ಸೇತುವೆಗಿಂತ ಮೇಲೆ ಅಂಥದ್ದೊಂದು ಕುದ್ರಿನಲ್ಲಿ ಎಲ್ಲರೂ ಬಾಯಮ್ಮ ಎಂದು ಕರೆಯುವ ಒಬ್ಬ ಕ್ರಿಶ್ಚಿಯನ್ ಹೆಂಗಸು ಮನೆ ಕಟ್ಟಿಸುತ್ತಿದ್ದರು. ಸಿಮೆಂಟು ತರುವುದಕ್ಕೆ ನನ್ನನ್ನು ಕೇಳಿದ್ದರು. ಕಾಕ ಹೇಳಿದ ಮುಳುಗುವ ಸಾಮಾನು ಕೊನೆಗೂ ಸಿಕ್ಕಿತು ಎಂದು ನಾನು ಹಿಗ್ಗಿದ್ದೆ. ಅಷ್ಟರಲ್ಲಿ ಭಾವ ನಡುವೆ ಬಂದರು.

"ಅವಳ ದೋಣಿ ಯಾಕೆ ಬಾಯಮ್ಮ? ನಾನು ಟೆಂಪೋದಲ್ಲೇ ನಿಮ್ಮ ಅಂಗಳಕ್ಕೆ ತಂದು ಹಾಕ್ತೇನೆ."

ಬೇಸಿಗೆಯ ಕೊನೆ. ಹೊಳೆ ಸೊರಗಿತ್ತು. ಅಮಾವಾಸ್ಯೆಯ ದೊಡ್ಡ ಇಳಿತಕ್ಕೆ ಕುದ್ರಿನವರೆಗೆ ಮರಳಿನ ದಿಬ್ಬ ಎದ್ದಿತ್ತು. ಭಾವ ಸಿಮೆಂಟು ಹೇರಿ, ಅದರ ಮೇಲೆ ಹಾರನ್ ಹಾಕುತ್ತಾ ಹೋದರು. ನಡು ಹೊಳೆಯಲ್ಲಿ ಟೆಂಪೋ ನಿಲ್ಲಿಸಿ ನನಗೆ ಫೋನ್ ಬೇರೆ.

"ನಾನು ಈಗ ಎಲ್ಲಿ ಇದ್ದೇನೆ ಹೇಳು? ನಿನ್ನ ಹೊಳೆಯ ಮಧ್ಯದಲ್ಲಿ. ಇದು ಹೊಳೆಯಾ? ಹೈವೇ."

ಬಾಯಮ್ಮ ಕೆಲಸ ಮಾಡಿದವರಿಗೆ ಊಟ ಹಾಕದೆ ಕಳಿಸುವವರಲ್ಲ. ಕುಚ್ಚಲಕ್ಕಿ ಅನ್ನ, ಬಂಗುಡೆ ಮೀನಿನ ಹುಳಿ-ಖಾರದ ಪುಳಿಮುಂಚಿ. ಉಂಡ ಮೇಲೆ ಜಗಲಿಯ ಗಾಳಿ. ಭಾವ ಕಣ್ಣು ಮುಚ್ಚಿದರು. ಎದ್ದು ನೋಡಿದರೆ ನಾಲ್ಕೂ ಕಡೆ ನೀರು.

"ಬಾಯಮ್ಮ, ರಸ್ತೆ ಎಲ್ಲಿ ಹೋಯಿತು?"

"ಎಲ್ಲಿಗೂ ಹೋಗ್ಲಿಲ್ಲ. ಅಲ್ಲೇ ಅಡಿಯಲ್ಲಿ ಉಂಟು."

ಭಾವ ಮೀನಿನವರ ದೋಣಿಯಲ್ಲಿ ಮನೆಗೆ ಬಂದರು. ಮರುದಿನದ ಇಳಿತಕ್ಕೆ ತಂದರಾಯಿತು ಎಂದುಕೊಂಡಿದ್ದರು. ಆದರೆ ಘಟ್ಟದಲ್ಲಿ ಮಳೆ ಹೊಡೆದು ಹೊಳೆ ಕೆಂಪಾಗಿ ಏರಿತು. ಇನ್ನು ಆ ದಿಬ್ಬ ಏಳುವುದು ಮುಂದಿನ ಬೇಸಿಗೆಗೆ. ಭಾವ ಊಟ ಬಿಟ್ಟರು. ನನ್ನ ಹತ್ತಿರ ಬರಲು ಮಾತ್ರ ಮನಸ್ಸಿಲ್ಲ. ಕೊನೆಗೆ ಅವರ ಹೆಂಡತಿ ಫೋನ್ ಮಾಡಿದರು.

"ಇವರನ್ನು ನೋಡ್ಲಿಕ್ಕೆ ಆಗುದಿಲ್ಲ ಮಾರಾಯ್ತಿ. ಟೆಂಪೋದಲ್ಲಿ ಬಾಯಮ್ಮನ ಕೋಳಿ ಕಾವು ಕೂತಿದೆಯಂತೆ. ನೀನೇ ಎಂತಾದರೂ ಮಾಡು."

ನಾನು ಜಂಗಲ್ ತೆಗೆದುಕೊಂಡು ಹೋದೆ. ಹಲಗೆ ಇಟ್ಟು, ಹಗ್ಗ ಬಿಗಿದು, ಊರವರು ದೂಡಿ, ಟೆಂಪೋ ಮೇಲೆ ಹತ್ತಿತು. ಭಾವ ಇಳಿಯಲಿಲ್ಲ, ಅಭ್ಯಾಸಬಲ, ಸ್ಟೇರಿಂಗ್ ಹಿಡಿದು ಕೂತೇ ಇದ್ದರು. ಟೆಂಪೋ ಇಳಿಸುವಂಥ ಇಳಿಜಾರು ಇದ್ದದ್ದು ಸೇತುವೆಗಿಂತ ಕೆಳಗಿನ ಧಕ್ಕೆಯಲ್ಲಿ ಮಾತ್ರ. ಹಾಗಾಗಿ ಸೇತುವೆಯ ಅಡಿಯಿಂದಲೇ ಹೋಗಬೇಕಾಯಿತು, ಅದೂ ಆಫೀಸಿನ ಹೊತ್ತಿಗೆ. ಬೇರೆ ದಾರಿ ಇರಲಿಲ್ಲ ಎಂದರೆ ಭಾವ ಇವತ್ತಿಗೂ ನಂಬುವುದಿಲ್ಲ.

ಸೇತುವೆಯ ಮೇಲೆ ಎಂದಿನ ಜಾಮ್. ಬಸ್ಸಿನವರು, ಕಾರಿನವರು, ಲಾರಿಯವರು ಎಲ್ಲ ಇಳಿದು ಕಂಬಿ ಹಿಡಿದು ನಿಂತರು. ಯಾರೋ ಕೂಗಿದರು: "ಡ್ರೈವರಣ್ಣಾ, ಸೆಕೆಂಡ್ ಗೇರ್ ಹಾಕಿ!"

ಆಗ ನನ್ನ ಫೋನ್ ಹೊಡೆದುಕೊಂಡಿತು. ಕಾಕ. ಎಂಜಿನ್ ಸದ್ದಿಗೆ ಕೇಳದೆಂದು ಸ್ಪೀಕರ್ ಹಾಕಿದೆ.

"ಮಗಳೇ, ನಾನು ಸೇತುವೆ ಮೇಲೆ ಸಿಕ್ಕಿಬಿದ್ದಿದ್ದೇನೆ. ಕೆಳಗೆ ಹೋಗ್ತಾ ಇರುವುದು ನೀನಾ?"

"ಹೌದು ಕಾಕ."

"ಮೇಲೆ ಇರುವುದು ಟೆಂಪೋನಾ?"

"ಹೌದು."

"ಟೆಂಪೋ ತೇಲ್ತದಾ?"

"ಇಲ್ಲ ಕಾಕ. ಬಿದ್ದರೆ ಕಲ್ಲಿನ ಹಾಗೆ ಹೋಗ್ತದೆ."

"ಒಳಗೆ ಕೂತದ್ದು ಯಾರು?"

"ನಮ್ಮ ಭಾವ."

"ಅವನು ತೇಲ್ತಾನಾ?"

ನಾನು ಭಾವನ ಮುಖ ನೋಡಿದೆ. ಭಾವ ಸ್ಟೇರಿಂಗ್ ಬಿಡದೆ, ಮೆಲ್ಲಗೆ ತಲೆ ಅಡ್ಡ ಅಲ್ಲಾಡಿಸಿದರು.

"ಇಲ್ಲವಂತೆ ಕಾಕ."

ಸೇತುವೆಯ ಹಾರನ್‌ಗಳು ಫೋನಿನಲ್ಲೂ ಕೂಗುತ್ತಿದ್ದವು.

"ಹಾಗಾದರೆ ನಾಳೆ ಬೆಳಿಗ್ಗೆ ಬಂದು ಅಕ್ಕಿ ತಗೊಂಡು ಹೋಗು."

ಅಕ್ಕಿ ಅಕ್ಕಿಯಾಗಿಯೇ ಉಳ್ಳಾಲ ಮುಟ್ಟಿತು. ಆಮೇಲೆ ಪ್ರತಿ ವಾರವೂ ಮುಟ್ಟುತ್ತಿದೆ, ಸಕ್ಕರೆಯೂ ಸೇರಿಕೊಂಡಿದೆ. ಬಕೆಟನ್ನು ಈಗ ಕಾಕ ಲಾರಿಯಲ್ಲಿ ಕಳಿಸುತ್ತಾರೆ. ಅದು ತಡವಾದರೂ ನಡೆಯುತ್ತದಂತೆ.

ಮೊನ್ನೆ ಒಂದು ಮದುವೆಯಲ್ಲಿ ಯಾರೋ ಭಾವನ ಹತ್ತಿರ ಹಳೆಯ ಮಾತನ್ನು ತೆಗೆದರು. ಭಾವ ಪಲ್ಯದ ಕಡೆಗೆ ತಿರುಗಿದರು. ನಾನೇ ಅವರ ಪರವಾಗಿ ಹೇಳಿದೆ, ಹೇಳಲೇಬೇಕಲ್ಲ: "ಭಾವ ಹೇಳಿದ್ದು ಸತ್ಯವೇ. ಹೊಳೆಯವರಿಗೂ ಕೊನೆಗೆ ಟೆಂಪೋ ಬೇಕು. ಧಕ್ಕೆಯಿಂದ ಅಂಗಡಿಗೆ ನನ್ನ ಅಕ್ಕಿ ಹೊರುವುದು ಈಗ ಅವರೇ. ಫೋನ್ ಮಾಡಿದರೆ ಸಾಕು, ಬರ್ತಾರೆ."