ಕೇಬಲಿಗೆ ವಸಂತಿ ಹಾಕಿದ ಗಂಟು

ನಾನು ತೋಟಗಳಿಗೆ ಸ್ಪ್ರಿಂಕ್ಲರ್ ಪೈಪ್ ಜೋಡಿಸುವವನು. ಎರಡು ತುದಿ ಸೇರಿದರೆ ನೀರು ಬಂದೇ ಬರುತ್ತದೆ ಎಂಬುದು ನನ್ನ ಒಟ್ಟು ವಿಜ್ಞಾನ. ಅದನ್ನು ನಂಬಿ, ತೀರಿಹೋದ ಹೆಂಡತಿಯ ಅಂಗಡಿಯನ್ನು ಪುನಃ ತೆರೆಯಲು ಹೊರಟೆ.

ಕಡಬದಲ್ಲಿ ವಸಂತಿಯದ್ದು ಆಮಂತ್ರಣ ಪತ್ರಿಕೆ ಮಾಡುವ ಅಂಗಡಿ. ಮಾರ್ಗದ ಧೂಳು ತಾಗಬಾರದೆಂದು ಎರಡು ಕಂಪ್ಯೂಟರ್‌ಗಳನ್ನು ಹಿಂದಿನ ಕೋಣೆಯಲ್ಲಿಟ್ಟಿದ್ದಳು. ಎದುರಿನ ಮೇಜಿನಲ್ಲಿ ಒಂದೇ ಪರದೆ, ಒಂದೇ ಕೀಬೋರ್ಡ್. ಹಿಂದಿನ ಕೋಣೆಯಲ್ಲಿರುವ ಕೆವಿಎಂ ಸ್ವಿಚ್ ಯಾವ ಕಂಪ್ಯೂಟರ್ ಬೇಕೆಂದು ಆರಿಸುತ್ತದೆ. ಅದರ ಪಕ್ಕ, ಚಿತ್ರವನ್ನು ದೂರದ ಮೇಜಿಗೆ ಮುಟ್ಟಿಸುವ ಒಂದು ಎಕ್ಸ್‌ಟೆಂಡರ್ ಪೆಟ್ಟಿಗೆ, ಮೇಜಿನ ಕೆಳಗೆ ಅದರ ಜೋಡಿ. ಎಲ್ಲವನ್ನೂ ಅವಳೇ ಜೋಡಿಸಿದ್ದು. ನಾನು ಏಣಿ ಹಿಡಿದಿದ್ದೆ.

ಗುಡಿಸುವಾಗ ಸ್ವಿಚ್ಚಿಂದ ಮೇಜಿನವರೆಗಿನ ಹಳೆಯ ಕೇಬಲ್‌ಗಳು ಅಸಹ್ಯವಾಗಿ ಕಂಡವು. ಕತ್ತರಿಸಿ ಗುಜರಿಗೆ ಕೊಟ್ಟೆ. ಅವುಗಳಿಗೆ ಅವಳು ತನ್ನ ನೀಲಿ ಸೀರೆಯ ಚೂರುಗಳನ್ನು ಗಂಟು ಹಾಕಿದ್ದಳು. ಅವನ್ನು ಕೊಡಲು ಮನಸ್ಸಾಗಲಿಲ್ಲ. ಗಂಟು ಬಿಚ್ಚದೆ ಜಾರಿಸಿ ಕಿಸೆಯಲ್ಲಿಟ್ಟುಕೊಂಡೆ.

ಅಂದೇ ಉಮ್ಮರ್ ಬ್ಯಾರಿಗಳು ಬಂದರು. ಅವರ ಮಗಳ ನಿಕಾಹದ ಕಾಗದವನ್ನು ವಸಂತಿ ಆಸ್ಪತ್ರೆಗೆ ಹೋಗುವ ಹಿಂದಿನ ದಿನ ಕಂಪ್ಯೂಟರಿನಲ್ಲಿ ಮಾಡಿ ಮುಗಿಸಿದ್ದಳು; ಅಚ್ಚು ಹಾಕುವುದಷ್ಟೇ ಬಾಕಿ.

"ವಸಂತಕ್ಕ ಮಾಡಿದ್ದೇ ಬೇಕು ಅಂತ ಮಗಳ ಹಠ. ನಾಡಿದ್ದು ಹಂಚಲು ಶುರು ಮಾಡುದು. ಸಿಗ್ತದಾ?"

"ಸಿಗದೆ ಎಂತ? ನಾಳೆ ಬನ್ನಿ."

ಬಸ್ಸಿನಲ್ಲಿ ಪುತ್ತೂರಿಗೆ ಹೋದೆ. ಅಂಗಡಿಯವರು ಕೇಳಿದರು: "ಸ್ವಿಚ್ಚಿಂದ ಎಕ್ಸ್‌ಟೆಂಡರಿಗಾ? ಯಾವ ಕೇಬಲ್?"

"ಮುಕ್ಕಾಲು ಇಂಚಿನದ್ದು."

ಅವರು ನನ್ನ ಮುಖವನ್ನೇ ನೋಡಿದರು. ಪರದೆಯ ಚಿತ್ರ ಸಾಗಿಸುವ ಕೇಬಲ್ ಹತ್ತು ಮೀಟರಿನದ್ದು ತೆಗೆದುಕೊಂಡೆ. ಸ್ವಿಚ್ಚಿಗೂ ಎಕ್ಸ್‌ಟೆಂಡರಿಗೂ ನಡುವೆ ಇದ್ದದ್ದು ಒಂದು ಗೇಣು. ಎರಡು ಎಕ್ಸ್‌ಟೆಂಡರ್‌ಗಳ ನಡುವೆ ಎಳೆಯಲು ಇನ್ನೊಂದು ಉದ್ದ ಕೇಬಲನ್ನೂ ಕೊಟ್ಟರು. ಗೋಡೆಯಲ್ಲಿ ಇಂಟರ್ನೆಟ್ ಲೈನ್ ಇರುವಾಗ ಅದೇಕೆ? ಎರಡು ಎಕ್ಸ್‌ಟೆಂಡರ್‌ಗಳನ್ನೂ ಇಂಟರ್ನೆಟ್ ಪೆಟ್ಟಿಗೆಗೇ ಸಿಕ್ಕಿಸಿದೆ. ನಮ್ಮ ಕೆಲಸದಲ್ಲಿ ಹೀಗೆ ನಡುವೆ ಕವಲು ಕೊಡುವುದಕ್ಕೆ ಟೀ ಜಾಯಿಂಟ್ ಎನ್ನುತ್ತೇವೆ.

ಪರದೆ ಕಪ್ಪಗೆ ಕೂತಿತು.

ಮರುದಿನ ಉಮ್ಮರ್ ಬ್ಯಾರಿಗಳು ಬಂದಾಗ ನಾನು ಮೇಜಿನ ಕೆಳಗಿದ್ದೆ. ಬೆವರು ಒರೆಸಲು ಕರ್ಚೀಫ್ ಎಳೆದಾಗ ಗಂಟುಗಳು ಕೆಳಗೆ ಬಿದ್ದವು. ಅವರು ಹೆಕ್ಕಿ ಒಂದನ್ನು ಬಿಚ್ಚಿದರು.

"ಇದರ ಒಳಗೆ ಬರೆದದ್ದು ಉಂಟಲ್ಲ ಮಾರಾಯ್ರೆ!"

ಬಟ್ಟೆಯ ಮೇಲೆ ವಸಂತಿಯ ಅಕ್ಷರ. "ಸ್ವಿಚ್ಚಿಗೆ ಗಿಡ್ಡದ್ದು ಎರಡು. ಒಂದು ಚಿತ್ರಕ್ಕೆ, ಒಂದು ಕೀಬೋರ್ಡಿಗೆ. ಕೀಬೋರ್ಡಿಗೆ ಹಳೆ ಪ್ರಿಂಟರಿನದ್ದು ಆಗ್ತದೆ." ಎರಡನೆಯದರಲ್ಲಿ: "ಉದ್ದದ್ದು ಪೆಟ್ಟಿಗೆಯಿಂದ ಪೆಟ್ಟಿಗೆಗೆ ನೇರ. ನಡುವೆ ಟೀ ಹಾಕಬೇಡಿ."

ಆ ಅಂಗಡಿಯಲ್ಲಿ ಟೀ ಜಾಯಿಂಟಿನ ಸುದ್ದಿ ಬೇಕಾದವನು ನಾನೊಬ್ಬನೇ; ಅವಳು ಬರೆದದ್ದು ನನಗೇ. ಸ್ವಲ್ಪ ಹೊತ್ತು ಅಕ್ಷರಗಳು ಮಸುಕಾದವು.

"ಅಕ್ಕನಿಗೆ ನಿಮ್ಮ ಗುಣ ಸರೀ ಗೊತ್ತಿತ್ತು," ಎಂದರು ಬ್ಯಾರಿಗಳು.

ಚಿತ್ರಕ್ಕೆ ಗಿಡ್ಡದ್ದು ಇಲ್ಲದ್ದರಿಂದ ಹತ್ತು ಮೀಟರಿನದ್ದನ್ನೇ ಸುರುಳಿ ಸುತ್ತಿಟ್ಟು, ಉಳಿದದ್ದನ್ನು ಅವಳು ಹೇಳಿದಂತೆಯೇ ಜೋಡಿಸಿದೆ. ಪರದೆ ಮತ್ತೂ ಕಪ್ಪು.

"ಅಕ್ಕನೂ ತಪ್ಪಿದರಾ ಹಾಗಾದರೆ?"

"ಅವಳು ತಪ್ಪುವವಳಲ್ಲ," ಎಂದು ಕೊನೆಯ ಗಂಟು ಬಿಚ್ಚಿದೆ.

ಅದರಲ್ಲಿ ಬರೆದಿದ್ದಳು: "ಪೈಪ್ ಜೋಡಿಸುವಾಗ ವಾಲ್ವ್ ಬಂದ್ ಮಾಡುವ ಹಾಗೆ ಕರೆಂಟ್ ತೆಗೆದಿರ್ತೀರಿ. ಈಗ ಹಾಕಿ."

ಹಾಕಿದೆ. ಕಂಪ್ಯೂಟರ್ ಎದ್ದಿತು; ಅವಳ ಫೈಲ್ ತೆರೆದಾಗ ಪರದೆಯ ತುಂಬ ನಿಕಾಹದ ಕಾಗದ ಬಂತು, ಅಂಚಿನಲ್ಲಿ ಅವಳು ಬಿಡಿಸಿದ ಮಲ್ಲಿಗೆ ಬಳ್ಳಿಯೊಂದಿಗೆ.

ಅಂಗಡಿ ಈಗ ತೆರೆದಿದೆ. ಜೋಡಿಸಿದ್ದು ಯಾರೆಂದು ಕೇಳಿದವರಿಗೆ ವಸಂತಿ ಎನ್ನುತ್ತೇನೆ. ಈ ಸಲ ನಾನು ಏಣಿಯನ್ನೂ ಹಿಡಿದಿರಲಿಲ್ಲ.